ಬಾಗಿಲಿಗೆ ಯಾರೂ ಬರಲಿಲ್ಲ

ಅಂದು ಬೆಳಿಗ್ಗೆ ಜಗಲಿಯಲ್ಲಿ ಕೂತು ಮೊರದಲ್ಲಿ ಅಕ್ಕಿ ಕೇರುತ್ತಿದ್ದೆ. ಪಕ್ಕದ ಮನೆಯಲ್ಲೇ ಇರುವ ನನ್ನ ಓರಗಿತ್ತಿ ಫೋನು ಹಿಡಿದು ಬಂದಳು. ಕೂಗಾಡದೆ ಮೆಲ್ಲಗೆ, "ಅಕ್ಕಾ, ಸೊರಬದ ಅಣ್ಣ..." ಎಂದಳು. ಅಷ್ಟು ಮೆಲ್ಲಗೆ ಹೇಳಿದ್ದೇ ದೊಡ್ಡ ಉಪಕಾರ.

ಬಳಗದ ಗ್ರೂಪಿನಲ್ಲಿ ನನ್ನ ಅಣ್ಣನ ಫೋಟೋ, ಅದಕ್ಕೆ ಹಾರ. ಕೆಳಗೆ ಅತ್ತಿಗೆಯ ಅಳುವ ದನಿ: "ನಿಮ್ಮಣ್ಣ ನಮ್ಮನ್ನ ಬಿಟ್ಟು ಹೋದ್ರು, ಬೇಗ ಬರ್ರಿ." ದನಿ ಅವಳದೇ.

ಒಳಗೆ ನನ್ನ ಅವ್ವ ಹೂಬತ್ತಿ ಹೊಸೆಯುತ್ತಿದ್ದಳು. ಎದೆನೋವಿಗೆ ಗುಳಿಗೆ ನುಂಗುವ ಜೀವ. ಮಗ ಹೋದನೆಂದರೆ ತಡೆದುಕೊಳ್ಳುತ್ತಾಳೆಯೇ?

"ಅವ್ವಗೆ ಹೇಳಾದಾ?" ಓರಗಿತ್ತಿ ಕೇಳಿದಳು.

"ಸುಮ್ನಿರು. ಬಾಗಿಲಿಗೆ ಯಾರು ಬಂದಾರೆ?"

ಎಷ್ಟೇ ಫೋನಿರಲಿ, ನಮ್ಮ ಬಳಗದಲ್ಲಿ ಹತ್ತಿರದವರು ತೀರಿಕೊಂಡರೆ ಈಗಲೂ ಒಬ್ಬರು ಬೈಕಿನಲ್ಲಾದರೂ ಬಂದು, ಹೊಸಿಲು ದಾಟದೆ, ನೀರು ಕುಡಿಯದೆ, ನಿಂತೇ ಹೇಳುತ್ತಾರೆ. ಅವರ ಮುಖ ನೋಡಿದ ಮೇಲೆಯೇ ನಮ್ಮ ಅಳು. ಮೆಸೇಜು ಬಂದದ್ದು ನಸುಕಿಗೆ. ಸೊರಬದಿಂದ ಬರಲು ಅಷ್ಟು ಹೊತ್ತು ಬೇಕಿಲ್ಲ, ಆದರೂ ಯಾರೂ ಬಂದಿರಲಿಲ್ಲ.

ಅಣ್ಣನ ಫೋನು ಬ್ಯುಸಿ, ಅತ್ತಿಗೆಯದೂ ಬ್ಯುಸಿ. ತೊಗರ್ಸಿ ಮಲ್ಲಿಕಾರ್ಜುನನನ್ನು ನೆನೆದು ಮತ್ತೆ ಮತ್ತೆ ಒತ್ತಿದೆ. ನಾಲ್ಕನೇ ಸಲಕ್ಕೆ ಅಣ್ಣನೇ ಎತ್ತಿದ.

"ಹೇಳವ್ವಾ, ನಾನು ಸತ್ತಿಲ್ಲ. ಬೆಳಗಿಂದ ಇದನ್ನೇ ಹೇಳಿ ಹೇಳಿ ಸಾಕಾಗೈತಿ."

ಓರಗಿತ್ತಿ ನನ್ನ ಕೈ ಜಗ್ಗಿದಳು. "ಈಗ ಯಂತ್ರದಾಗೆ ಹಿಂಗೂ ದನಿ ಮಾಡಿ ಮಾತಾಡಿಸ್ತಾರಂತೆ, ಅಕ್ಕಾ."

ಹೌದಲ್ಲ ಅನ್ನಿಸಿತು. "ಚಿಕ್ಕಂದಿನಾಗೆ ನನ್ನ ಕೈ ಮುರಿದೋರು ಯಾರು ಹೇಳು ನೋಡನ?"

"ಯಾರೂ ಮುರಿದಿಲ್ಲ! ಹುಣಸೆಮರದಿಂದ ನೀನೇ ಬಿದ್ದಿ. ನಾನು ಕೆಳಗೆ ನಿಂತಿದ್ದೆ, ಅಷ್ಟೆ."

ಅವನೂ ಅದೇ ಕೊಂಬೆಯ ಮೇಲಿದ್ದ, ತಳ್ಳಿದವನೇ ಅವನು. ನಲವತ್ತು ವರ್ಷದಿಂದ ಇದೇ ಸುಳ್ಳು, ಇದೇ ಸಿಟ್ಟು. ಇದನ್ನು ನಾವು ಯಾವ ಯಂತ್ರಕ್ಕೂ ಹೇಳಿಕೊಟ್ಟಿಲ್ಲ. ಇವನು ನನ್ನ ಅಣ್ಣನೇ.

ಹಾಲಿನ ಸೊಸೈಟಿ ಚುನಾವಣೆಗೆ ನಿಂತಿದ್ದನಂತೆ, ಆಗದವರು ಯಾರೋ ಮಾಡಿದ್ದಿರಬೇಕು ಎಂದ. ಅತ್ತಿಗೆ ಹಿಂದೆ ಮಾತಾಡಿ ಕಳಿಸಿದ ಮೆಸೇಜುಗಳಿಂದಲೇ ದನಿ ಕದ್ದಿರಬೇಕು.

"ಸಂಜಿಗೆ ಬಂದು ಅವ್ವಗೆ ಮುಖ ತೋರ್ಸಿ ಹೋಗು," ಅಂದೆ.

"ಉಣ್ಣಾಕೆ ಹಾಕ್ತಿಯೇನು?"

"ಸತ್ತೋರಿಗೆ ಎಡೆ ಇಡಬೇಕಲ್ಲ, ಬಾ."

ಅವ್ವನ ಕಿವಿ ಮಂದ. ಅಂದು ಅದೂ ದೇವರ ಕೃಪೆಯೇ ಆಯಿತು. "ಯಾರದೇ ಫೋನು?" ಎಂದು ಒಳಗಿನಿಂದ ಕೇಳಿದಳು.

"ಅಣ್ಣಂದು. ಸಂಜಿಗೆ ಬರ್ತಾನಂತೆ," ಎಂದು ಕೂಗಿ ಹೇಳಿದೆ.

"ಬರ್ಲಿ ಬಿಡು," ಎಂದಳು. ಬತ್ತಿ ಹೊಸೆಯುವ ಕೈ ನಿಲ್ಲಲಿಲ್ಲ. ನಾನು ಒಳಗೆ ಹೋಗಿ ರೊಟ್ಟಿಗೆ ಎಸರಿಟ್ಟೆ.