ಐಸಿನ ಮೇಲೆ ಮೊದಲ ಸುತ್ತು

ನಲವತ್ತಾರನೆಯ ವಯಸ್ಸಿನಲ್ಲಿ ಐಸ್ ಸ್ಕೇಟಿಂಗ್ ಕಲಿಯಬೇಕೆಂದು ನಾನು ನಿರ್ಧರಿಸಿದಾಗ ಕಲಬುರಗಿಯಲ್ಲಿ ಕಡು ಬೇಸಿಗೆ. ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು ನಾನು. ‘ನನಗೆ ಬರೂದಿಲ್ಲ’ ಎಂಬ ಮಾತನ್ನು ಮಕ್ಕಳ ಬಾಯಿಂದ ಕೇಳಿ ಎಂದೂ ಒಪ್ಪಿದವಳಲ್ಲ. ಹೈದರಾಬಾದಿನ ಮಾಲ್ ಒಂದರಲ್ಲಿ ಹೊಸಬರಿಗೂ ಕಲಿಸುತ್ತಾರೆಂದು ತಿಳಿದ ದಿನವೇ ಫೋನ್ ಮಾಡಿ ಹೆಸರು ಬರೆಸಿದೆ. ರಜೆ ಬರುವವರೆಗೆ ಜೇವರ್ಗಿ ಕಾಲೋನಿಯ ನಮ್ಮ ಮನೆಯ ನುಣುಪು ಫರಸಿಕಲ್ಲಿನ ನೆಲದ ಮೇಲೆ ಕಾಲುಚೀಲ ಹಾಕಿಕೊಂಡು ಜಾರುವ ಅಭ್ಯಾಸವೂ ನಡೆಯಿತು.

ನನ್ನ ಅಣ್ಣನ ಹೆಂಡತಿ, ವೈನಿ, ಕಮಲಾಪುರದಲ್ಲಿ ಕೆಂಪುಬಾಳೆಯ ತೋಟ ನೋಡಿಕೊಳ್ಳುತ್ತಾರೆ. ಅವರಿಗೂ ಸುದ್ದಿ ಹೇಳಿದೆ.

“ಕಾಲ ಮುರಕೊಂಡ್ರ ನಿನ್ನ ಯಾರ ಎತ್ಕೊಂಡ ಬರ್ತಾರ? ತಡಿ, ನಾನೂ ಬರ್ತೀನಿ.”

“ನೋಡ್ಲಿಕ್ಕ ಬರ್ತೀರೇನ್ರೀ ವೈನಿ?”

“ನೋಡೂದೇನೈತಿ ಅದ್ರಾಗ? ನನ್ನ ಹೆಸರೂ ಬರಸು.”

ನಾನಿದ್ದ ಹೈದರಾಬಾದಿನ ಬಸ್ಸು ಕಮಲಾಪುರದಲ್ಲಿ ನಿಂತಾಗ, ಸೀರೆ ಬಿಟ್ಟು ಬೇರೇನೂ ಉಡದ ವೈನಿ ಮಗಳ ಚೂಡಿದಾರ ತೊಟ್ಟು, ರೊಟ್ಟಿಯ ಗಂಟು ಹಿಡಿದು ಹತ್ತಿದರು.

ಮಾಲಿನಲ್ಲಿ ಸ್ಕೇಟಿಂಗ್ ಕಲಿಸುವ ಹುಡುಗಿ ನಮ್ಮ ಬೂಟಿನ ದಾರವನ್ನು ಕಣಕಾಲು ಅಲುಗದಂತೆ ಬಿಗಿದಳು. “ಪೆಹಲೇ ಗಿರ್ನಾ ಸೀಖೋ, ಆಂಟಿ,” ಎಂದಳು. ಮೊದಲು ಬೀಳುವುದನ್ನು ಕಲಿಯಿರಿ! ಕಲಬುರಗಿಯ ನೆಹರು ಗಂಜಿನ ಪೇಟೆಯಲ್ಲಿ ಕೇಳುವಂಥದೇ ಮಾತು, ಹಾಗಾಗಿ ಇಬ್ಬರಿಗೂ ಅರ್ಥವಾಯಿತು. ಮಂಡಿ ಬಗ್ಗಿಸಿ ಪಕ್ಕಕ್ಕೆ ಬೀಳಬೇಕು. ಅಂಬೆಗಾಲಿಗೆ ಬಂದು, ಒಂದೊಂದೇ ಪಾದ ಊರಿ ಏಳಬೇಕು.

ಫರಸಿಯ ಅಭ್ಯಾಸ ಎಳ್ಳಷ್ಟೂ ಕೆಲಸಕ್ಕೆ ಬರಲಿಲ್ಲ. ಐಸಿಗೆ ಇಳಿದು, ಅಂಚಿನ ಕಂಬಿ ಬಿಟ್ಟ ಕೂಡಲೇ ಬಿದ್ದೆ. ಎದ್ದೆ, ಮತ್ತೆ ಬಿದ್ದೆ. ವೈನಿಯೋ, ಪಾದಗಳನ್ನು ಹೊರಕ್ಕೆ ತಿರುಗಿಸಿ, ಪುಟ್ಟ ಪುಟ್ಟ ಹೆಜ್ಜೆಯಿಡುತ್ತ ನನ್ನನ್ನು ದಾಟಿ ಹೋದರು!

“ಹ್ಯಾಂಗ್ರೀ ವೈನಿ?”

“ನೀರ ಬಿಟ್ಟ ತೋಟದಾಗ ಬಾಳಿಗೊನಿ ಹೊತ್ಕೊಂಡ ಅಡ್ಡಾಡ್ತೀನಲ್ಲ. ಮಣಕಾಲ ಸಡಲ ಬಿಡು. ಕಾಲ ನೋಡಬ್ಯಾಡ, ಎದುರ ನೋಡು.”

ಹುಡುಗಿ ಹತ್ತು ಸಲ ಹೇಳಿದ್ದೂ ಅದನ್ನೇ. ವೈನಿ ಹೇಳಿದ ಮೇಲೆ ನನ್ನ ಮಂಡಿಗಳು ಕೇಳಿದವು. ಒಂದು ಕಾಲಿನಿಂದ ತಳ್ಳಿ, ಎರಡೂ ಪಾದ ಜೋಡಿಸಿದೆ. ಹೆಜ್ಜೆ ಎತ್ತುತ್ತಿಲ್ಲ, ಆದರೂ ಪಕ್ಕದ ಗೋಡೆ ಹಿಂದೆ ಸರಿಯುತ್ತಿದೆ. ಮೈಯೆಲ್ಲ ಹಗುರಾದಂತಾಯಿತು. ಇದು ನನಗೆ ಬರುತ್ತದೆ ಎಂದು ಆ ಕ್ಷಣಕ್ಕೇ ಗೊತ್ತಾಯಿತು. ಕಂಬಿ ಮುಟ್ಟದೆ ಇಡೀ ಒಂದು ಸುತ್ತು ಮುಗಿಸಿದೆ.

ನನ್ನನ್ನು ನೋಡಿ ಚಪ್ಪಾಳೆ ಹೊಡೆಯಹೋಗಿ ವೈನಿ ಧೊಪ್ಪನೆ ಕುಳಿತುಬಿಟ್ಟರು. ಕೈ ಚಾಚಿದೆ.

“ಬಿಡು, ಏಳೂದ ಕಲಿಸ್ಯಾಳಲ್ಲ,” ಎಂದು ನಗುತ್ತ ತಾವೇ ಎದ್ದರು.

ನಿಲ್ಲುವುದು ಹೇಗೆಂಬ ಪಾಠ ಮರುದಿನಕ್ಕಿತ್ತು. ಅಲ್ಲಿಯವರೆಗೆ ಇಬ್ಬರೂ ಗೋಡೆಗೆ ಹೋಗಿ ತಾಕಿಯೇ ನಿಂತೆವು.