ಅರುಂಧತಿ ಇದ್ದ ದಿಕ್ಕು

ಮಗಳ ಮದುವೆ ಗೊತ್ತಾದಾಗಿನಿಂದ ನನಗೆ ಒಂದೇ ಚಿಂತೆ. ಈ ಪರದೇಶದಲ್ಲಿ ನಮ್ಮ ಪಕ್ಕದೂರಾದ ರೆಂಟನ್‌ನ ಚೀನೀ ಬೀಗಿತ್ತಿ ನನ್ನ ಮಗಳನ್ನು ಮನಸಾರೆ ಒಪ್ಪಿದ್ದಾರೋ ಇಲ್ಲವೋ? ಬರುತ್ತಿದ್ದರು, ನಗುತ್ತಿದ್ದರು, ಹಾಕಿದ್ದನ್ನೆಲ್ಲ ತಿನ್ನುತ್ತಿದ್ದರು. ಬಾಯಿ ಮಾತ್ರ ಬಿಡುತ್ತಿರಲಿಲ್ಲ ಪುಣ್ಯಾತ್ಗಿತ್ತಿ!

ಕೊನೆಗೂ ಬಾಯಿ ಬಿಟ್ಟದ್ದು ಮದುವೆಗೆ ವಾರವಿರುವಾಗ, ಕರ್ಕ್‌ಲ್ಯಾಂಡಿನ ನಮ್ಮ ಮನೆಯಲ್ಲಿ. ಶಾಸ್ತ್ರಗಳನ್ನು ವಿವರಿಸುತ್ತ, ಮದುಮಕ್ಕಳಿಗೆ ಅರುಂಧತಿ ನಕ್ಷತ್ರ ತೋರಿಸುತ್ತೇವೆ ಎಂದೆ. ವಿಮಾನ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದು ನಿವೃತ್ತರಾದ ಆಕೆಗೆ ಆಕಾಶದ ಹುಚ್ಚು. ತಕ್ಷಣ ಫೋನಿನಲ್ಲಿ ಚೀನೀ ಭಾಷೆಯ ನಕ್ಷತ್ರಗಳ ನಕ್ಷೆ ತೆಗೆದರು. ನೋಡಿದರೆ ಬರೀ ಕಲಸುಮೇಲೋಗರ! ನಮ್ಮ ಸಪ್ತರ್ಷಿಗಳಿರಬೇಕಾದಲ್ಲಿ ಪಾಶ್ಚಾತ್ಯರ ದೊಡ್ಡ ಕರಡಿ, ಅದರ ಮೈಮೇಲಿನ ನಕ್ಷತ್ರಗಳಿಗೆ ಮಾತ್ರ ಚೀನೀಯರ ಹಳೇ ಹೆಸರು.

"ನಿಮ್ಮ ಅರುಂಧತಿ ಕರಡಿ ಬಾಲದಲ್ಲಿದಾಳೆ," ಎಂದರು ಇಂಗ್ಲಿಷಿನಲ್ಲಿ. "ನಾವು ಅವಳನ್ನ ಅಸಿಸ್ಟೆಂಟ್ ಅಂತ ಕರೀತೀವಿ."

ನನಗೆ ಮೈಯೆಲ್ಲ ಉರಿದುಹೋಯಿತು. ಸಾಕ್ಷಾತ್ ವಸಿಷ್ಠರ ಹೆಂಡತಿ, ಕರಡಿ ಬಾಲದಲ್ಲಿ ಅಸಿಸ್ಟೆಂಟಾ! ಬೀಗಿತ್ತಿಯಲ್ಲವೇ ಎಂದು ಹಲ್ಲು ಕಚ್ಚಿಕೊಂಡು ಇನ್ನೊಂದು ಹೋಳಿಗೆ ಬಡಿಸಿದೆ.

ಮದುವೆ ನಡೆದದ್ದು ಬೇಸಿಗೆಯ ಒಂದು ಬೆಳಿಗ್ಗೆ, ಬಾಡಿಗೆ ಹಾಲ್‌ನಲ್ಲಿ. ಪುರೋಹಿತರು ಪದ್ಧತಿಯಂತೆ ಸೂರಿನ ಕಡೆ ಬೆರಳು ಮಾಡಿ, "ಅರುಂಧತಿ ಕಾಣಿಸ್ತಾ? ಕಾಣಿಸ್ತು ಅನ್ನಿ," ಎಂದರು.

ಹಗಲು ಹೊತ್ತು ಮದುಮಕ್ಕಳೆಲ್ಲ ಹೇಳುವ ಸುಳ್ಳು ಅದು; ನನ್ನ ಮದುವೆಯಲ್ಲಿ ನಾನೂ ಹೇಳಿದ್ದೆ. ಆದರೆ ಬೀಗಿತ್ತಿ ಎದ್ದೇಬಿಟ್ಟರು. "ಅಲ್ಲಿಲ್ಲ!"

ಅಯ್ಯೋ ದೇವರೇ ಎಂದುಕೊಳ್ಳುವಷ್ಟರಲ್ಲಿ ಆಕೆ ಫೋನ್ ಹಿಡಿದು ಮಂಟಪ ಹತ್ತಿ, ಪುರೋಹಿತರ ಕೈಯನ್ನು ಈಶಾನ್ಯಕ್ಕೆ ತಿರುಗಿಸಿ ಕೆಳಗಿಳಿಸಿದರು. ಆ ದಿಕ್ಕಿಗಿದ್ದದ್ದು ರೆಸ್ಟ್‌ರೂಮ್. ಮಕ್ಕಳಿಬ್ಬರೂ ಭಕ್ತಿಯಿಂದ ಕೈ ಮುಗಿದರು. ಅದೇ ಗಳಿಗೆಗೆ ಬಾಗಿಲು ತೆರೆದು ನಮ್ಮ ಭಾವ ಹೊರಬಂದರು. ಮದುಮಕ್ಕಳು ತಮಗೇ ಕೈ ಮುಗಿಯುತ್ತಿರುವುದನ್ನು ಕಂಡು, ಒದ್ದೆ ಕೈಯನ್ನೇ ಎತ್ತಿ ಆಶೀರ್ವಾದ ಮಾಡಿದರು.

ಹಾಲ್‌ಗೆ ಹಾಲೇ ಬಿದ್ದು ಬಿದ್ದು ನಕ್ಕಿತು. ಸಂಬಂಧ ಕೆಟ್ಟೇಹೋಯಿತು ಎಂದು ನಾನು ಬೀಗಿತ್ತಿಯ ಮುಖ ನೋಡಿದೆ.

ಬೀಗಿತ್ತಿ ನಗಲಿಲ್ಲ. ನನ್ನ ಮಗಳ ಕೈ ಹಿಡಿದುಕೊಂಡು, "ನಿಮ್ಮಮ್ಮನ ಊರಲ್ಲಿ ಈ ನಕ್ಷತ್ರ ಮುಳುಗುತ್ತೆ," ಎಂದರು. "ಇಲ್ಲಿ, ಇಷ್ಟು ಉತ್ತರದಲ್ಲಿ, ಮುಳುಗೋದೇ ಇಲ್ಲ. ಕಾಣಿಸದೇ ಇದ್ರೂ ಇರುತ್ತೆ. ನಂಗೆ ಮಾತು ಬರಲ್ಲ ಮಗಳೇ. ಆದ್ರೆ ನಾನು ಇರ್ತೀನಿ."

ಮಗಳೇ ಎಂದರು! ನಾನು ಸೆರಗಿನಿಂದ ಕಣ್ಣು, ಮೂಗು ಎರಡನ್ನೂ ಒರೆಸಿಕೊಂಡೆ. ಪುರೋಹಿತರು ಮಾತ್ರ ಕೈ ಇಳಿಸಬಹುದೋ ಬಾರದೋ ತಿಳಿಯದೆ, ರೆಸ್ಟ್‌ರೂಮ್ ಕಡೆಗೇ ಬೆರಳು ಮಾಡಿಕೊಂಡು ನಿಂತಿದ್ದರು.