ದೋಣಿಯ ಅಂಚಿನ ಕೈ

ಸೋಲಾಪುರದ ನಮ್ಮ ಫೋಟೋ ಗುಂಪಿನಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿತ್ತು. ಫೋಟೋದೊಳಗಿನ ಮನುಷ್ಯ ಕ್ಯಾಮೆರಾ ನೋಡಬಾರದು. ನೋಡಿದರೆ ಅದು ಕಲೆಯಲ್ಲ, ಆಧಾರ್ ಕಾರ್ಡು. ಇದನ್ನು ಮೊದಲು ಹೇಳಿದವರು ಗುಂಪಿನ ಹಿರಿಯರಾದ ನಿವೃತ್ತ ಡ್ರಾಯಿಂಗ್ ಮಾಸ್ತರರು. ಅವರಿಗಿಂತ ಜೋರಾಗಿ ಹೇಳಿಕೊಂಡು ತಿರುಗಿದವನು ನಾನು. ವಾರದಲ್ಲಿ ಆರು ದಿನ ವಿಮಾ ಕಚೇರಿಯ ಗುಮಾಸ್ತ, ಏಳನೆಯ ದಿನ ಕಲಾವಿದ. ನನ್ನಂಥವರು ಏಳೆಂಟು ಜನ ಇದ್ದೆವು. ಭಾನುವಾರ ಬೆಳಗಾದರೆ ಹುಲಜಂತಿ, ಕುರನೂರ ಎಂದು ಗಾಡಿ ಹತ್ತುವುದು, ಸಂಜೆ ಕೂತು ಒಬ್ಬರ ಫೋಟೋದ ಮಾನ ಇನ್ನೊಬ್ಬರು ಕಳೆಯುವುದು. ಪರರ ತಪ್ಪು ಹುಡುಕುವುದರಲ್ಲಿ ನನ್ನಷ್ಟು ಚುರುಕು ಕಣ್ಣು ಗುಂಪಿನಲ್ಲಿ ಇನ್ನೊಬ್ಬರಿಗಿರಲಿಲ್ಲ, ಅದರ ಜಂಬವೂ ನನಗಿತ್ತು.

ಸಂಜೆಯ ಕೂಟ ಹೆಚ್ಚಾಗಿ ನಮ್ಮ ಮನೆಯಲ್ಲೇ ಆಗುತ್ತಿತ್ತು. ಉಳಿದವರ ಹೆಂಡಂದಿರು ಗೊಣಗುತ್ತಿದ್ದರು, ನನ್ನ ಹೆಂಡತಿ ಗೊಣಗುತ್ತಿರಲಿಲ್ಲ, ಕಾರಣ ಅಷ್ಟೇ. ಅವಳು ಚಹಾದ ತಟ್ಟೆ ಹಿಡಿದು ಬಂದರೆ ಏಳೆಂಟು ಕೈ ಮುಂದೆ ಚಾಚುತ್ತಿದ್ದವು, ಕಣ್ಣು ಮಾತ್ರ ಕಂಪ್ಯೂಟರಿನ ಮೇಲೆ. ಮನುಷ್ಯನ ಮುಖದ ಮೇಲೆ ಬೆಳಕು ಹೇಗೆ ಬೀಳುತ್ತದೆಂದು ಗಂಟೆಗಟ್ಟಲೆ ಮಾತಾಡುತ್ತಿದ್ದೆವು. ಏಳು ವರ್ಷ ಹೀಗೆಯೇ ನಡೆಯಿತು.

ಹೊರಗೆ ಹೋಗುವಾಗಲೂ ಅವಳೇ ನನ್ನ ಜೊತೆ. ಗುಂಪಿನವರು ತಮ್ಮ ತಮ್ಮ ದಾರಿ ಹಿಡಿದಾಗ ನಾನೂ ಅವಳೂ ನನ್ನ ಮೋಟರ್ ಸೈಕಲ್ ಮೇಲೆ ಹೋಗುತ್ತಿದ್ದೆವು. ಕ್ಯಾಮೆರಾದ ಮೂರು ಕಾಲಿನ ಸ್ಟ್ಯಾಂಡು ಅವಳ ತೊಡೆಯ ಮೇಲೆ, ಕಡಕ್ ರೊಟ್ಟಿ ಶೇಂಗಾ ಚಟ್ನಿಯ ಗಂಟು ಅವಳ ಕೈಯಲ್ಲಿ. ನಾನು ಕೊಕ್ಕರೆಯ ಹಿಂದೆ ಹೊಟ್ಟೆಯ ಮೇಲೆ ತೆವಳುತ್ತಿದ್ದರೆ ಅವಳು ಬಿಸಿಲಲ್ಲಿ ಚೀಲ ಕಾಯುತ್ತಿದ್ದಳು. ಅಷ್ಟು ವರ್ಷದಲ್ಲಿ ಸಾವಿರಾರು ಫೋಟೋ ತೆಗೆದಿದ್ದೆ. ಅವುಗಳಲ್ಲಿ ಅವಳದು ಒಂದೂ ಇರಲಿಲ್ಲ.

ಅವಳ ತವರು ಅಕ್ಕಲಕೋಟೆ. ಅಲ್ಲಿ ನಮ್ಮ ಅತ್ತೆಯವರ ಪಡಸಾಲೆಯ ಒಂದು ಗೋಡೆಯ ತುಂಬ ಫೋಟೋಗಳು. ಮಗ ಸೊಸೆ, ಕಿರಿಯ ಮಗಳು ಅವಳ ಗಂಡ, ಮೊಮ್ಮಕ್ಕಳು, ಜಾತ್ರೆಯಲ್ಲಿ ಬಹುಮಾನ ಗೆದ್ದ ಒಂದು ಎತ್ತು ಕೂಡ. ಹಿರಿಯ ಮಗಳದು ಇಲ್ಲ. ನಮ್ಮ ಮದುವೆಯ ಆಲ್ಬಮ್ ಗೆದ್ದಲು ತಿಂದು ಹೋಗಿತ್ತು. 'ಇನ್ನೊಂದು ತೆಗೆದುಕೊಡ್ತೀನಿ' ಎಂದು ನಾನು ಹೇಳಿ ಅದೆಷ್ಟೋ ದೀಪಾವಳಿಗಳು ಕಳೆದಿದ್ದವು. ದೀಪದ ಬುಡಕ್ಕೆ ಕತ್ತಲು ಅನ್ನುತ್ತಾರಲ್ಲ, ಹಾಗೆ. ಅವಳ ತಂಗಿಯಂತೂ ಊಟಕ್ಕೆ ಕೂತಾಗಲೆಲ್ಲ ಕೆಣಕುವಳು.

"ಮಾಮಾ, ನಿಮ್ಮ ಕ್ಯಾಮೆರಾಕ ಕೊಕ್ಕರಿ ಕಾಣ್ತಾವ, ನಮ್ಮ ಅಕ್ಕ ಕಾಣಂಗಿಲ್ಲೇನ್ರಿ?"

ಎಲ್ಲರೂ ನಗುತ್ತಿದ್ದರು. ಹೆಂಡತಿಯೂ ನಗುತ್ತಿದ್ದಳು. ಆಮೇಲೆ ಒಳಗೆ ಹೋಗಿ ಸ್ವಲ್ಪ ಹೊತ್ತು ಬರುತ್ತಿರಲಿಲ್ಲ.

ಆ ವರ್ಷ ಗುಂಪಿನ ಪ್ರದರ್ಶನಕ್ಕೆ ನನ್ನ ಹತ್ತಿರ ಒಳ್ಳೆಯ ಫೋಟೋ ಇರಲಿಲ್ಲ. ಮಳೆ ಮುಗಿದು ಕುರನೂರ ಧರಣ ತುಂಬಿತ್ತು. ಬೋರಿ ನದಿಗೆ ಕಟ್ಟಿದ ಆ ಅಣೆಕಟ್ಟಿನ ನೀರಿನಲ್ಲಿ ಮೀನು ಹಿಡಿಯುವವನೊಬ್ಬನ ತಗಡಿನ ದೋಣಿ ಇತ್ತು. ದೋಣಿ, ನೀರು, ಮುಳುಗುವ ಸೂರ್ಯ ಎಲ್ಲರ ಫೋಟೋದಲ್ಲೂ ಇದ್ದವು. ದೋಣಿಯೊಳಗೊಬ್ಬ ಹೆಂಗಸು ಬೇಕು ಅನ್ನಿಸಿತು. ಪಕ್ಕಕ್ಕೆ ನೋಡಿದೆ. ಚೀಲ ಕಾಯುತ್ತ ಕೂತವಳು ಅವತ್ತು ನನ್ನ ಕಣ್ಣಿಗೆ ಬಿದ್ದಳು.

"ಆ ಹೋಡ್ಯಾಗ ಹೋಗಿ ಕುಂಡ್ರು" ಎಂದು ದೋಣಿ ತೋರಿಸಿದೆ.

"ನನಗ ನೀರಂದ್ರ ಅಂಜಿಕಿರಿ."

"ಮುಳುಗಂಗಿಲ್ಲ, ಕುಂಡ್ರು."

ಅವಳು ದೋಣಿಯನ್ನೊಮ್ಮೆ ನನ್ನನ್ನೊಮ್ಮೆ ನೋಡಿದಳು. "ನನ್ನ ಮಾರಿ ಬರ್ತದೇನ್ರಿ ಅದರಾಗ?"

"ಬರ್ತದ."

"ಅವ್ವನ ಗ್ವಾಡಿಗಿ ಒಂದು ಕೊಡಾಕ ಬರ್ತದ?"

"ಕೊಡೂಣಂತ, ನಡಿ. ಬೆಳಕ ಹೋಗ್ತದ."

ಆಗ ಅವಳು ರೊಟ್ಟಿಯ ಗಂಟಿನ ಕೆಳಗಿನಿಂದ ಒಂದು ಹಸಿರು ಇಳಕಲ್ ಸೀರೆ ತೆಗೆದಳು. ತಾಯಿ ಕೊಟ್ಟ ಸೀರೆ. ಅದು ಎಷ್ಟು ಭಾನುವಾರಗಳಿಂದ ಆ ಚೀಲದಲ್ಲಿ ನನ್ನ ಜೊತೆ ಊರೂರು ಸುತ್ತಿತ್ತೋ ನಾನು ಕೇಳಲಿಲ್ಲ. ಮೀನುಗಾರನ ಗುಡಿಸಲಲ್ಲಿ ಉಟ್ಟುಕೊಂಡು ಬಂದು, ದೇವರ ಹೆಸರು ಹೇಳುತ್ತ ದೋಣಿ ಹತ್ತಿದಳು.

ಒಂದು ತಾಸು ಮೀನುಗಾರನ ಕೈಯಲ್ಲಿ ಆ ದೋಣಿಯನ್ನು ಅತ್ತಿಂದಿತ್ತ ಓಡಿಸಿದೆ. ದಡದಲ್ಲಿ ನಿಂತು ಕೂಗುತ್ತಿದ್ದೆ, ಈ ಕಡೆ ನೋಡಬೇಡ, ನೀರು ನೋಡು, ಸೆರಗು ಬಿಡು. ಎಲ್ಲೋ ಬೆಸುಗೆ ಬಿಟ್ಟಿತ್ತೇನೋ, ದೋಣಿಯೊಳಗೆ ನೀರು ಬರತೊಡಗಿತು. ಮೀನುಗಾರ ಡಬ್ಬಿಯಿಂದ ತೋಡಿ ಚೆಲ್ಲುತ್ತ ಅಲ್ಲಿಂದಲೇ ಹೇಳಿದ, "ಸಾಹೇಬ್ರ, ಅಕ್ಕಾರು ಭಾಳ ಅಂಜ್ಯಾರ್ರಿ. ಸಾಕು ಮಾಡ್ರಿ." ಅಂಜಿದ್ದು ನನಗೂ ಕಾಣುತ್ತಿತ್ತು, ಲೆನ್ಸಿನಲ್ಲಿ ಅವನಿಗಿಂತ ಚೆನ್ನಾಗಿಯೇ ಕಾಣುತ್ತಿತ್ತು. ಅಂಜಿಕೆಯ ಮುಖ ಫೋಟೋದಲ್ಲಿ ಚೆನ್ನಾಗಿ ಬರುತ್ತದೆ ಎಂದುಕೊಂಡೆ. ಈಗ ಬರೆಯುವಾಗ ನಾಚಿಕೆಯಾಗುತ್ತದೆ, ಆಗ ಆಗಲಿಲ್ಲ. "ಇನ್ನೊಂದ ಸಲ" ಎಂದೆ. ಇನ್ನೊಂದು ಸಲ ಎಂದು ಆರು ಸಲ ಹೇಳಿದೆ.

ಕೊನೆಗೆ ಸೂರ್ಯ ದಿಬ್ಬಕ್ಕೆ ಬಂದ. ನೀರು ತಾಮ್ರದ ಪರಾತದ ಬಣ್ಣಕ್ಕೆ ತಿರುಗಿತು. ಮೀನುಗಾರ ಅವಳಿಗೆ "ಇದ ಕಡೀದು ನೋಡ್ರಿ ಅಕ್ಕಾರ" ಎಂದು ಹುಟ್ಟು ಎತ್ತಿದ. ಕಡೆಯದು ಎಂಬ ಮಾತು ಕೇಳಿದ್ದೇ ಅವಳು ತಿರುಗಿ ಸೀದಾ ನನ್ನ ಕಡೆ ನೋಡಿ ನಕ್ಕಳು. ಎಡಗೈ ಮಾತ್ರ ದೋಣಿಯ ಅಂಚನ್ನು ಬಿಗಿಯಾಗಿ ಹಿಡಿದಿತ್ತು. ನಾನು ಒತ್ತಿದೆ. ಆ ಸಂಜೆಯ ನೂರಾರು ಫೋಟೋಗಳಲ್ಲಿ ಬೆಳಕು, ಹುಟ್ಟು, ನೀರು ಎಲ್ಲ ಕೂಡಿಬಂದದ್ದು ಅದೊಂದೇ. ಉಳಿದವನ್ನೆಲ್ಲ ಅವತ್ತೇ ಅಳಿಸಿದೆ.

ಪ್ರದರ್ಶನದ ಆಯ್ಕೆ ಮಾಸ್ತರರ ಮನೆಯಲ್ಲಿತ್ತು. ನಾನು ಅಂಗೈಗಿಂತ ಸ್ವಲ್ಪ ದೊಡ್ಡದೊಂದು ಪ್ರಿಂಟು ಒಯ್ದಿದ್ದೆ. ಮಾಸ್ತರರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

"ಹೋಡಿ ಮಸ್ತ್ ಅದ. ಆದ್ರ ಆ ಹೆಣ್ಮಗಳು ಯಾಕ ನಮ್ಮ ಕಡಿ ನೋಡಿ ಹಲ್ಲು ಕಿಸ್ಯಾಕತ್ತಾಳ? ಯಾರಕಿ?"

ಒಂದು ಮಾತು ಸಾಕಿತ್ತು. ನನ್ನ ಹೆಂಡತಿ ಸರ್, ನೀವು ಏಳು ವರ್ಷ ಅವಳ ಕೈಯ ಚಹಾ ಕುಡಿದಿದ್ದೀರಿ ಅನ್ನಬಹುದಿತ್ತು. ಗುಂಪೆಲ್ಲ ನನ್ನನ್ನೇ ನೋಡುತ್ತಿತ್ತು. ಕ್ಯಾಮೆರಾ ನೋಡಬಾರದೆಂದು ಊರಿಗೆಲ್ಲ ಪಾಠ ಹೇಳಿದವನು ನಾನು.

"ಆ ಮೀನುಗಾರನ ಹೇಣ್ತಿ ಇರಬೇಕ್ರಿ ಸರ್" ಎಂದೆ.

ಮಾಸ್ತರರ ಹತ್ತಿರ ಮೂಲೆಯ ಆಕಾರದ ಎರಡು ರಟ್ಟುಗಳಿದ್ದವು. ಅವನ್ನು ಫೋಟೋದ ಮೇಲಿಟ್ಟು ಸರಿಸುತ್ತ, ಎಲ್ಲಿ ಕತ್ತರಿಸಬೇಕೆಂದು ತೋರಿಸುವುದು ಅವರ ರೂಢಿ. ಬಲಗಡೆಯ ರಟ್ಟು ಮೆಲ್ಲಗೆ ಜರುಗಿತು. ಅವಳ ಹೆಗಲು ಹೋಯಿತು, ಕಿವಿ ಹೋಯಿತು, ನಗು ಹೋಯಿತು. "ಈಗ ನೋಡ್ರಿ, ಈಗ ಫೋಟೋ ಆತು" ಎಂದರು. "ಕೈ ಇರ್ಲಿ, ಕೈ ಛಲೋ ಅದ." ಅಳತೆಪಟ್ಟಿ ಹಿಡಿದು ಬ್ಲೇಡಿನಿಂದ ಎಳೆದರು. ಎರಡು ಬೆರಳಗಲದ ಚೂರು ಚಾಪೆಯ ಮೇಲೆ ಬಿತ್ತು. ಮುಖವಿದ್ದ ಬದಿ ಮೇಲಾಗಿಯೇ ಬಿದ್ದಿತ್ತು. ಅದನ್ನೆತ್ತಿ ಕ್ಯಾಮೆರಾ ಚೀಲದ ಕಿಸೆಗೆ ಹಾಕಿಕೊಂಡೆ. ಪ್ರೀತಿಯಿಂದಲ್ಲ, ಅಲ್ಲಿ ಕಸದ ಬುಟ್ಟಿ ಕಾಣಲಿಲ್ಲ.

ಮನೆಗೆ ಬಂದು ಕಂಪ್ಯೂಟರಿನಲ್ಲೂ ಹಾಗೆಯೇ ಕತ್ತರಿಸಿ, ಹಳೆಯದರ ಮೇಲೆಯೇ ಉಳಿಸಿಬಿಟ್ಟೆ. ಪೂರ್ತಿ ಫೋಟೋ ಅಲ್ಲಿಗೆ ಇಲ್ಲವಾಯಿತು. ಅದು ನನಗೆ ಹೊಳೆದದ್ದೂ ಎರಡು ದಿನ ಬಿಟ್ಟು.

"ಆರಿಸಿದ್ರೇನ್ರಿ?" ಎಂದು ಅವಳು ಅವತ್ತೇ ಅಡಿಗೆಮನೆಯಿಂದ ಕೇಳಿದ್ದಳು.

"ಆರಿಸ್ಯಾರ."

"ನನ್ನ ಫೋಟೋ?"

"ಹೂಂ" ಎಂದಿದ್ದೆ.

ಅಷ್ಟಕ್ಕೇ ಅವಳು ತವರಿಗೆ ಫೋನ್ ಹಚ್ಚಿದಳು. ಪ್ರದರ್ಶನಕ್ಕೆ ಇನ್ನೂ ಎರಡು ವಾರವಿತ್ತು, ಹೇಳಬೇಕೆಂದರೆ ಹೇಳಬಹುದಿತ್ತು. ದಿನಾ ನಾಳೆ ಹೇಳೋಣ ಎಂದುಕೊಂಡೆ. ನಾಳೆ ಎಂದವನ ಮನೆ ಹಾಳು ಎಂದು ನಮ್ಮವ್ವ ಅನ್ನುತ್ತಿದ್ದಳು.

ಪ್ರದರ್ಶನದ ದಿನ ನನ್ನ ದೋಣಿಗೆ ಮೊದಲ ಬಹುಮಾನ ಬಂತು. ಹೆಸರು 'ಏಕಾಂತ' ಎಂದಿಟ್ಟಿದ್ದೆ. ಅತ್ತೆಯವರು ಕಿರಿಯ ಮಗಳ ಕೈ ಹಿಡಿದು ಅಕ್ಕಲಕೋಟೆಯಿಂದ ಎಸ್‌ಟಿ ಬಸ್ಸಿನಲ್ಲಿ ಬಂದರು. ಕಣ್ಣಿನ ಆಪರೇಶನ್ ಆಗಿ ತಿಂಗಳೂ ಆಗಿರಲಿಲ್ಲ, ಕರಿ ಕನ್ನಡಕ ಹಾಕಿದ್ದರು. ಹೆಂಡತಿ ಅದೇ ಹಸಿರು ಇಳಕಲ್ ಉಟ್ಟು ಬಂದಿದ್ದಳು, ಫೋಟೋದೊಳಗಿನವಳು ಇವಳೇ ಎಂದು ಜನಕ್ಕೆ ಗೊತ್ತಾಗಲಿ ಎಂದು.

ನಮ್ಮ ಗುಂಪಿನ ಪದ್ಧತಿಯ ಪ್ರಕಾರ ಫೋಟೋ ತೆಗೆದವನು ಅದರ ಪಕ್ಕ ನಿಂತು ಅದರ ಹಿಂದಿನ ಕಥೆ ಹೇಳಬೇಕು. ನನ್ನ ಸುತ್ತ ಇಪ್ಪತ್ತು ಮೂವತ್ತು ಜನ ನೆರೆದಿದ್ದರು. ಮರಾಠಿಯಲ್ಲಿ ಶುರು ಮಾಡಿದೆ. ಆ ಸಂಜೆ ಕುರನೂರ ಧರಣದಲ್ಲಿ ಒಂದು ನರಪಿಳ್ಳೆ ಇರಲಿಲ್ಲ, ನಾನು ಒಬ್ಬನೇ ದಡದಲ್ಲಿ, ಅಲ್ಲಿ ಒಬ್ಬ ಬಡ ಮೀನುಗಾರ, ನಡುವೆ ನೀರು. ಹೇಳುತ್ತ ಹೇಳುತ್ತ ಹಸಿರು ಸೀರೆ ಕಣ್ಣಿಗೆ ಬಿತ್ತು. ಜನರ ಹಿಂದೆ ತಾಯಿಯನ್ನು ಹಿಡಿದುಕೊಂಡು ನಿಂತಿದ್ದಳು. ನಾನು ಮಾತು ನಿಲ್ಲಿಸಲಿಲ್ಲ. ಚಪ್ಪಾಳೆ ಬೀಳುವತನಕ ಹೇಳಿಯೇ ಮುಗಿಸಿದೆ.

ಜನ ಕರಗಿದ ಮೇಲೆ ಅತ್ತೆಯವರು ಫೋಟೋಗೆ ಮೂಗು ತಾಗುವಷ್ಟು ಹತ್ತಿರ ಬಂದರು. ಮೇಲಿಂದ ಕೆಳಗೆ ಹುಡುಕಿದರು.

"ನೀ ಎಲ್ಲಿದೀ ಅವ್ವಾ ಇದರಾಗ? ನನಗ ಇನ್ನೂ ನೀಟ ಕಾಣವಲ್ದೇನೋ."

ಹೆಂಡತಿ ಫೋಟೋ ನೋಡಿದಳು. ನನ್ನ ಕಡೆ ನೋಡಲಿಲ್ಲ. ಬಲಗಡೆಯ ಅಂಚಿಗೆ ಬೆರಳು ಹಚ್ಚಿ, "ಇಲ್ಲಿ ನೋಡ ಅವ್ವಾ. ಕೈ. ನೀ ಇಡಿಸಿದ ಬಳಿ" ಎಂದಳು.

"ಅಯ್ಯ, ಬಳಿ ತೋರ್ಸಾಕ ಇಷ್ಟ ದೂರ ಕರ್ಸಿದೇನಕ್ಕಾ?" ಎಂದು ತಂಗಿ ನಕ್ಕಳು. ಅತ್ತೆಯವರು ನಗಲಿಲ್ಲ. ಆ ಕೈಯ ಮೇಲೆ ತಮ್ಮ ಬೆರಳಾಡಿಸಿದರು. ಗಾಜು ಮುಟ್ಟಬೇಡಿ ಎಂದು ಅಲ್ಲಿಯವನೊಬ್ಬ ಬಂದು ಹೇಳಿದ.

ಅವಳು ಜಗಳವಾಡಲಿಲ್ಲ. ಆಡಿದ್ದರೆ ನನಗೂ ಮಾತಾಡಲು ಬರುತ್ತಿತ್ತು. ಮರುದಿನ ಎಂದಿನಂತೆ ಕ್ಯಾಮೆರಾ ಚೀಲ ಝಾಡಿಸುವಾಗ ಕಿಸೆಯಲ್ಲಿ ಆ ಚೂರು ಸಿಕ್ಕಿತು. "ಇದ್ಯಾರು ಕತ್ತರಿಸಿದ್ರು?" ಎಂದು ಕೇಳಿದಳು. ಮಾಸ್ತರರು, ಅವರ ಮನೆಯಲ್ಲಿ, ಬ್ಲೇಡಿನಿಂದ ಎಂದೆ. ಅರ್ಧ ನಿಜ ಹೇಳಿ ಪೂರ್ತಿ ತಪ್ಪು ಅವರ ತಲೆಗೆ ಕಟ್ಟಿದೆ. ಪೂರ್ತಿ ಫೋಟೋ ಇನ್ನೊಂದು ಮಾಡಿಸಿ ಅವ್ವನಿಗೆ ಕೊಡಿ ಎಂದಳು. ಅದು ಈಗ ಇಲ್ಲ ಎಂದೆ. ಅವಳು ಚೂರನ್ನು ಕುಪ್ಪಸದೊಳಗೆ ಇಟ್ಟುಕೊಂಡು ಅಕ್ಕಲಕೋಟೆಗೆ ಹೋದಳು, ನಾಲ್ಕು ದಿನ ಬಿಟ್ಟು ಬಂದಳು.

ಬಂದ ಮರುದಿನ ಭಾನುವಾರ. ಬಹುಮಾನದ ಖುಷಿಗೆ ಗುಂಪು ನಮ್ಮ ಮನೆಗೆ ಬರುವುದಿತ್ತು. ನಾನು ಭಜಿ ತರಲು ಹೋದೆ. ಭಜಿಯ ಪೊಟ್ಟಣ ಹಿಡಿದು ಬರುವಷ್ಟರಲ್ಲಿ ಎಲ್ಲರೂ ಬಾಗಿಲಿಗೆ ಬಂದಿದ್ದರು, ಒಟ್ಟಿಗೇ ಒಳಗೆ ಹೋದೆವು. ಗೋಡೆಯ ಮೇಲೆ ನನ್ನ 'ಏಕಾಂತ' ಇತ್ತು. ಅದರ ಪಕ್ಕ ಒಂದು ಹೊಸ ಗಾಜಿನ ಚೌಕಟ್ಟು, ಅಕ್ಕಲಕೋಟೆಯ ಗುಡಿಯ ಎದುರಿನ ಅಂಗಡಿಗಳಲ್ಲಿ ದೇವರಿಗೂ ಸತ್ತವರಿಗೂ ಹಾಕುವಂಥದ್ದು. ಅದರೊಳಗೆ ಆ ಚೂರು. ಅದಕ್ಕೆ ಗಂಧದ ಚಕ್ಕೆಯ ಹಾರ, ಕೆಳಗೆ ಊದಿನಕಡ್ಡಿ.

ಮಾಸ್ತರರು ಟೊಪ್ಪಿಗೆ ತೆಗೆದು ಕೈಮುಗಿದರು. ಉಳಿದವರೂ ಮುಗಿದರು.

"ಪಾಪ, ವಯಸ್ಸ ಭಾಳ ಇಲ್ಲ" ಎಂದು ಮೆಲ್ಲಗೆ ನನ್ನ ಭುಜ ಮುಟ್ಟಿದರು. "ಯಾವಾಗ ಆತ್ರಿ ಇದು?"

ಅವಳು ಚಹಾದ ತಟ್ಟೆ ಹಿಡಿದು ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

"ನಿಮ್ಮ ಮನ್ಯಾಗ ಆತ್ರಿ ಸರ್. ಬ್ಲೇಡ ನಿಮ್ದ ಇತ್ತಂತ. ತಗೋರಿ, ಚಹಾ ಆರ್ತದ."

ಮಾಸ್ತರರು ಅವಳ ಮುಖ ನೋಡಿದರು. ಚೌಕಟ್ಟಿನೊಳಗಿನ ಮುಖ ನೋಡಿದರು. ಏಳು ವರ್ಷದಲ್ಲಿ ಮೊದಲ ಸಲ ಆ ಮನುಷ್ಯ ಅವಳನ್ನು ನೋಡಿದ್ದು, ನನ್ನ ಲೆಕ್ಕದಲ್ಲಿ. ನನ್ನದು ಅದಕ್ಕಿಂತ ಬೇರೆಯೇನಲ್ಲ. ಕಪ್ಪಿಗೆ ಚಾಚಿದ ಕೈಯನ್ನು ಅವರು ಹಿಂದಕ್ಕೆ ಎಳೆದುಕೊಂಡರು.

"ತಂಗೀ, ನನಗ ಖರೇನ ಗೊತ್ತಿರಲಿಲ್ಲ" ಎಂದರು. ಆಮೇಲೆ ನನ್ನ ಕಡೆ ತಿರುಗಿದರು. "ನೀವು ಮೀನುಗಾರನ ಹೇಣ್ತಿ ಅಂದಿದ್ರಲ್ರೀ."

ಕತ್ತರಿಸಿದ್ದು ಅವಳಿಗೆ ಗೊತ್ತಿತ್ತು. ಈ ಮಾತು ಗೊತ್ತಿರಲಿಲ್ಲ. ಅವಳು ನನ್ನನ್ನು ನೋಡಿದಳು, ಕುರನೂರಿನಲ್ಲಿ ನೋಡಿದ ಹಾಗೆಯೇ ಸೀದಾ. ನಗು ಮಾತ್ರ ಇರಲಿಲ್ಲ. ಆಮೇಲೆ ಒಬ್ಬೊಬ್ಬರಿಗೂ ಚಹಾ ಕೊಟ್ಟು, ಸಕ್ಕರೆ ಸಾಕೋ ಎಂದು ಕೇಳಿ ಒಳಗೆ ಹೋದಳು. ನನಗೂ ಕೊಟ್ಟಳು. ಭಜಿ ಯಾರೂ ಮುಟ್ಟಲಿಲ್ಲ.

ಗುಂಪು ಅಲ್ಲಿಗೇ ಮುರಿಯಿತು ಅನ್ನಬಹುದು, ನಮ್ಮ ಮನೆಗಂತೂ ಆಮೇಲೆ ಯಾರೂ ಬರಲಿಲ್ಲ. ಮರುದಿನ ಬೆಳಿಗ್ಗೆ ಕಿಟಕಿಯ ಬೆಳಕು ಚೆನ್ನಾಗಿತ್ತು. ಕ್ಯಾಮೆರಾ ತಂದು, ಕುರ್ಚಿ ಎಳೆದು, ಆ ಸೀರೆ ಉಟ್ಟು ಬಂದು ಕೂತುಕೋ, ಅವ್ವನ ಗೋಡೆಗೆ ಒಂದು ಚೆಂದದ್ದು ತೆಗೆಯುತ್ತೇನೆ, ಈ ಹಾರ ಇಳಿಸು, ಬದುಕಿದವರ ಫೋಟೋಗೆ ಹಾರ ಹಾಕಬಾರದು ಎಂದೆ. ಬೇಡಿಕೊಂಡೆ ಅನ್ನುವುದೇ ಸರಿ.

ಅವಳು ಜೋಳದ ಹಿಟ್ಟು ನಾದುತ್ತಿದ್ದಳು. ತಲೆ ಎತ್ತಲಿಲ್ಲ.

"ಯಾರದ ತೆಗೀತೀರಿ?" ಎಂದು ಕೇಳಿದಳು. "ನಿಮ್ಮ ಹೇಣ್ತಿದ, ಇಲ್ಲಾ ಮೀನುಗಾರನ ಹೇಣ್ತಿದ?"

ನಾನು ಕುರ್ಚಿಯನ್ನು ಮತ್ತೆ ಗೋಡೆಗೆ ಸರಿಸಿದೆ.